ಮಾನವ ಭೂಗೋಳ: ನರಿಮೊಗರಿನಿಂದ ಒಂದು ಪರಿಚಯ

ಜನರು ಎಲ್ಲಿ ನೆಲೆಸುತ್ತಾರೆ, ಅಲ್ಲಿಯೇ ಏಕೆ ನೆಲೆಸುತ್ತಾರೆ, ನೆಲೆಸಿದ ಬಳಿಕ ಆ ನೆಲವನ್ನು ಹೇಗೆ ಮಾರ್ಪಡಿಸುತ್ತಾರೆ? ಈ ಪ್ರಶ್ನೆಗಳ ಅಧ್ಯಯನವೇ ಮಾನವ ಭೂಗೋಳಶಾಸ್ತ್ರ. ಜರ್ಮನಿಯ ಫ್ರೆಡ್ರಿಕ್ ರಾಟ್ಜೆಲ್ 1882ರಲ್ಲಿ ಪ್ರಕಟಿಸಿದ ಗ್ರಂಥ ಈ ಶಾಖೆಗೆ ಪ್ರತ್ಯೇಕ ಸ್ಥಾನ ತಂದುಕೊಟ್ಟಿತು. ಪಠ್ಯಪುಸ್ತಕದಲ್ಲಿ ಒಣ ವ್ಯಾಖ್ಯೆಗಳಂತೆ ತೋರುವ ಇದರ ಪರಿಕಲ್ಪನೆಗಳೇ ತಾಲೂಕು ಕೇಂದ್ರ ಎಲ್ಲಿರಬೇಕು, ಸೇತುವೆ ಯಾವ ಊರಿಗೆ ಬೇಕು ಎಂಬ ತೀರ್ಮಾನಗಳ ತಳಹದಿ. ದಕ್ಷಿಣ ಕನ್ನಡ ಜಿಲ್ಲೆ ಪುತ್ತೂರು ತಾಲೂಕಿನ ನರಿಮೊಗರು ಮತ್ತು ಅದರ ಸುತ್ತಲಿನ ಪ್ರದೇಶ ಇವುಗಳನ್ನು ಅರಿಯಲು ತಕ್ಕ ಉದಾಹರಣೆಯಾಗಿದೆ.

ಸ್ಥಾನ

ಅಕ್ಷಾಂಶ, ರೇಖಾಂಶಗಳು ಸೂಚಿಸುವುದು ಊರಿನ ನಿರಪೇಕ್ಷ ಸ್ಥಾನ, ಅದು ಬದಲಾಗದು. ಇತರ ಊರುಗಳೊಂದಿಗಿನ ಸಂಪರ್ಕ ಸೂಚಿಸುವುದು ಸಾಪೇಕ್ಷ ಸ್ಥಾನ; ಅದು ಬದಲಾಗುತ್ತದೆ. ನರಿಮೊಗರು ಪುತ್ತೂರು-ಸುಬ್ರಹ್ಮಣ್ಯ ರಸ್ತೆಯಲ್ಲಿದೆ. ಮಂಗಳೂರು-ಹಾಸನ ರೈಲು ಮಾರ್ಗದಲ್ಲಿ ಕಬಕ ಪುತ್ತೂರಿನ ನಂತರದ ನಿಲ್ದಾಣವೂ ಹೌದು. 1979ರಲ್ಲಿ ಮೀಟರ್ ಗೇಜ್ ಆಗಿ ಪೂರ್ಣಗೊಂಡ ಈ ಮಾರ್ಗ ಬ್ರಾಡ್‌ಗೇಜ್‌ಗೆ ಪರಿವರ್ತನೆಯಾಗಿ, 2007ರಲ್ಲಿ ಪ್ರಯಾಣಿಕರ ರೈಲು ಸಂಚಾರ ಪುನರಾರಂಭವಾಯಿತು. ಊರು ಕದಲಲಿಲ್ಲ, ಹೊರಜಗತ್ತಿನೊಂದಿಗೆ ಅದರ ನಂಟು ಬದಲಾಯಿತು.

ನೆಲೆ ಮತ್ತು ನೆಲ

ಬಯಲುಸೀಮೆಯ ಹಳ್ಳಿಗಳಲ್ಲಿ ಮನೆಗಳು ಒತ್ತಾಗಿರುತ್ತವೆ. ಇದು ಗುಂಪು ನೆಲೆ. ಪುತ್ತೂರು, ಸುಳ್ಯ, ಕಡಬಗಳಲ್ಲಿ ಒಂದೊಂದು ಮನೆ ಒಂದೊಂದು ತೋಟದ ಮಗ್ಗುಲಲ್ಲಿದೆ. ಇದು ಚದುರಿದ ನೆಲೆ. ಭಾರೀ ಮಳೆ, ಗುಡ್ಡ-ಕಣಿವೆಗಳ ಮೇಲ್ಮೈ, ನೀರಿನಾಸರೆ ಬೇಡುವ ಅಡಿಕೆ ಕೃಷಿ ಇದಕ್ಕೆ ಕಾರಣ. ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ನೀರಿನ ಲಭ್ಯತೆಗೆ ಅನುಗುಣವಾಗಿ ವಿಂಗಡಿಸುವ ಇಲ್ಲಿನ ರೂಢಿಯೇ ಒಂದು ಜಾನಪದ ಭೂಗೋಳ.

ಆದರೆ ಪ್ರಕೃತಿ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಅದು ಸಾಧ್ಯತೆಗಳನ್ನು ಒಡ್ಡುತ್ತದೆ, ಆಯ್ಕೆ ಮನುಷ್ಯನದು ಎಂಬುದು ಫ್ರಾನ್ಸಿನ ವಿಡಾಲ್ ದ ಲಾ ಬ್ಲಾಶ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಸಾಧ್ಯತಾವಾದ. ಗುಡ್ಡದೊಳಗೆ ಅಡ್ಡಲಾಗಿ ಸುರಂಗ ಕೊರೆದು ತೋಟಕ್ಕೆ ನೀರು ತಂದ ಕಾಸರಗೋಡು ಗಡಿಭಾಗದ ಕೃಷಿಕರು ಇದಕ್ಕೆ ಸಾಕ್ಷಿ.

ಮೂರು ಬಗೆಯ ಪ್ರದೇಶ

ಅಡಿಕೆ ಬೆಳೆಯುವ ನಾಡು ಎಂಬುದು ಸಮಾನ ಲಕ್ಷಣದ ಪ್ರದೇಶ. ಮಾರುಕಟ್ಟೆ, ಕಾಲೇಜು, ಆಸ್ಪತ್ರೆಗಳಿಗಾಗಿ ಹಳ್ಳಿಗಳು ಪುತ್ತೂರನ್ನು ಅವಲಂಬಿಸಿರುವುದರಿಂದ ಅದು ರೂಪಿಸುವುದು ಕಾರ್ಯಾತ್ಮಕ ಪ್ರದೇಶ. 1933ರಲ್ಲಿ ವಾಲ್ಟರ್ ಕ್ರಿಸ್ಟಾಲರ್ ಮಂಡಿಸಿದ ಕೇಂದ್ರ ಸ್ಥಳ ಸಿದ್ಧಾಂತ ಇದನ್ನೇ ವಿವರಿಸುತ್ತದೆ. ಮೂರನೆಯದು ಜನಮನದ ಪ್ರದೇಶ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ತುಳುನಾಡು ಎಂಬ ಭಾವನೆ ರಾಜ್ಯದ ಗಡಿಯಲ್ಲಿ ನಿಂತಿಲ್ಲ.

ಈ ಮೂರೂ ಆಡಳಿತದ ಗಡಿಗೆ ಹೊಂದಲೇಬೇಕೆಂದಿಲ್ಲ. ಕಡಬ ಪ್ರತ್ಯೇಕ ತಾಲೂಕಾಗಿದ್ದರೂ ವಿಧಾನಸಭೆಗೆ ಸುಳ್ಯ ಕ್ಷೇತ್ರದ ಭಾಗ.

ದೂರ ಮತ್ತು ವಲಸೆ

ದೂರವನ್ನು ಕಿಲೋಮೀಟರಿನಲ್ಲಿ ಮಾತ್ರ ಅಳೆಯಲಾಗದು. ಉಪ್ಪಿನಂಗಡಿ-ಕಡಬ ರಸ್ತೆಯ ಹೊಸ್ಮಠದಲ್ಲಿ ಹಿಂದೆ ಮುಳುಗು ಸೇತುವೆಯಿತ್ತು. ಗುಂಡ್ಯ ಹೊಳೆ ಉಕ್ಕಿದರೆ ಸಂಚಾರ ಸ್ಥಗಿತ. ಬೇಸಿಗೆಯಲ್ಲಿ ಹತ್ತಿರವಾಗಿದ್ದ ಊರು ಆಷಾಢದಲ್ಲಿ ದೂರವಾಗುತ್ತಿತ್ತು. ಎತ್ತರದ ಸೇತುವೆ ಬಂದ ಮೇಲೆ ಆ ಅಂತರ ಅಳಿಯಿತು.

ವಲಸೆಗೆ ತಳ್ಳುವ ಮತ್ತು ಸೆಳೆಯುವ ಶಕ್ತಿಗಳೆರಡೂ ಕಾರಣವಾಗುತ್ತವೆ. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದನ್ವಯ ಶ್ರೀಲಂಕಾ ತೊರೆದ ತಮಿಳರಲ್ಲಿ ಹಲವರಿಗೆ ಸುಳ್ಯ, ಪುತ್ತೂರು ಭಾಗದ ರಬ್ಬರ್ ತೋಟಗಳಲ್ಲಿ ಪುನರ್ವಸತಿ ದೊರೆಯಿತು. ತುಳು, ಕನ್ನಡ, ಅರೆಭಾಷೆ, ಬ್ಯಾರಿ, ಕೊಂಕಣಿ, ಮಲಯಾಳಗಳ ನಡುವೆ ತಮಿಳೂ ಕೇಳಿಬರುವುದು ಈ ಕಾರಣದಿಂದ.

ಸಾಧನಗಳು

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆ ಮೊದಲ ಸಾಧನ. ಅದರಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಕಂದಾಯ ಇಲಾಖೆಯ ಗ್ರಾಮ ನಕ್ಷೆ, ಪಹಣಿ, ಉಪಗ್ರಹ ಚಿತ್ರ, ಜಿಪಿಎಸ್, ಇವೆಲ್ಲವನ್ನೂ ಪದರ ಪದರವಾಗಿ ಜೋಡಿಸುವ ಭೌಗೋಳಿಕ ಮಾಹಿತಿ ವ್ಯವಸ್ಥೆ (ಜಿಐಎಸ್) ಉಳಿದವು. ಮನೆ ಮನೆಗೆ ತೆರಳಿ ನಡೆಸುವ ಕ್ಷೇತ್ರಾಧ್ಯಯನಕ್ಕೆ ಇಂದಿಗೂ ಪರ್ಯಾಯವಿಲ್ಲ.

ಅತಿ ಮುಖ್ಯ ಸಾಧನ ಜನಗಣತಿ. 2011ರ ಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 20.9 ಲಕ್ಷ, ಸಾಂದ್ರತೆ ಚದರ ಕಿ.ಮೀ.ಗೆ 430. ಮಂಗಳೂರಿನ ಕಿಕ್ಕಿರಿದ ಬಡಾವಣೆಗೂ ಸುಬ್ರಹ್ಮಣ್ಯದ ಆಚೆಗಿನ ಕಾಡಿಗೂ ಈ ಸರಾಸರಿ ಸಮನಾಗಿ ಅನ್ವಯಿಸದು. ಇದು ಪ್ರಮಾಣದ ಸಮಸ್ಯೆ.

ಗಡಿಯ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಕಡಬ ತಾಲೂಕು 2013ರಲ್ಲಿ ಘೋಷಣೆಯಾಗಿ, ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಸೇರಿಸಿಕೊಂಡು ಕೆಲವು ವರ್ಷಗಳ ಬಳಿಕ ಅಸ್ತಿತ್ವಕ್ಕೆ ಬಂತು. ಆದ್ದರಿಂದ 2011ರ ಗಣತಿಯಲ್ಲಿ ಕಡಬ ತಾಲೂಕಿನ ಪಟ್ಟಿಯೇ ಇಲ್ಲ. ಆ ಪಟ್ಟಿಯ ‘ಪುತ್ತೂರು’ ಇಂದಿನ ಪುತ್ತೂರೂ ಅಲ್ಲ. 2021ರ ಗಣತಿ ಮುಂದೂಡಲ್ಪಟ್ಟು 2027ಕ್ಕೆ ನಿಗದಿಯಾಯಿತು. ಹಳೆಯ ಅಂಕಿಅಂಶ ಬಳಸುವವರು ಗ್ರಾಮ ಗ್ರಾಮವಾಗಿ ಕೂಡಿಸಿ ಲೆಕ್ಕ ಹಾಕಬೇಕು. ಹಾಗೆ ಮಾಡದೆ ಹಳೆಯ ಸಂಖ್ಯೆಯನ್ನು ಹೊಸ ಗಡಿಗೆ ಹೊಂದಿಸಿದರೆ ಶಾಲೆ, ವೈದ್ಯರು, ಅನುದಾನ ಎಲ್ಲದರ ಲೆಕ್ಕವೂ ತಪ್ಪುತ್ತದೆ.

ಈ ಸಂಖ್ಯೆ ಯಾವ ವರ್ಷದ್ದು, ಯಾವ ಗಡಿಯೊಳಗಿನದು, ಯಾವ ಪ್ರಮಾಣದಲ್ಲಿ ನೋಡಿದ್ದು? ನಕ್ಷೆಯನ್ನಾಗಲಿ ಅಂಕಿಅಂಶವನ್ನಾಗಲಿ ನಂಬುವ ಮೊದಲು ಕೇಳಬೇಕಾದ ಪ್ರಶ್ನೆಗಳಿವು.