ರೈತ ಕುಟುಂಬಗಳ ಮನೆಖರ್ಚು ಮತ್ತು ಅಸಮಾನತೆ: ಭಾರತದ ಸಮೀಕ್ಷೆಗಳ ಇತಿಹಾಸ

ಭಾರತದ ರೈತರ ಮನೆಖರ್ಚನ್ನು ಲೆಕ್ಕವಿಟ್ಟು ನೋಡುವ ಕೆಲಸಕ್ಕೆ ನೂರು ವರ್ಷ ದಾಟಿದೆ. ಪುಣೆ ಸಮೀಪದ ಪಿಂಪಳೆ ಸೌದಾಗರ ಎಂಬ ಹಳ್ಳಿಯನ್ನು ಕುರಿತ ಕೃಷಿ ವಿಜ್ಞಾನಿ ಹೆರಾಲ್ಡ್ ಮ್ಯಾನ್ ಅವರ ಅಧ್ಯಯನ 1917ರಲ್ಲಿ ಪ್ರಕಟವಾಯಿತು. ದೇಶವ್ಯಾಪಿ ಲೆಕ್ಕ ಸಿಗತೊಡಗಿದ್ದು ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಅವರ ಮುಂದಾಳತ್ವದಲ್ಲಿ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ.

ಬೇಸಾಯದ ಆದಾಯ ಸುಗ್ಗಿಯಲ್ಲಿ ಬರುತ್ತದೆ, ಮಳೆ ಕೈಕೊಟ್ಟ ವರ್ಷ ಬರುವುದೇ ಇಲ್ಲ. ಊಟ ಮಾತ್ರ ದಿನವೂ ಆಗಲೇಬೇಕು. ಹಾಗಾಗಿ ಸಮೀಕ್ಷಕರು ಖರ್ಚನ್ನೇ ನೆಚ್ಚಿಕೊಂಡರು. ಮನೆಯಲ್ಲೇ ಬೆಳೆದ ಧಾನ್ಯ, ಕರೆದ ಹಾಲಿಗೂ ಬೆಲೆ ಕಟ್ಟಿ ಸೇರಿಸಿದರು. ಈ ಅಂಕಿಅಂಶಗಳ ಆಧಾರದ ಮೇಲೆಯೇ ಅರ್ಥಶಾಸ್ತ್ರಜ್ಞರಾದ ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ 1971ರಲ್ಲಿ ಬಡತನದ ಪ್ರಮಾಣವನ್ನು ಅಂದಾಜಿಸಿದರು. ಆದರೆ ಒಟ್ಟು ಖರ್ಚನ್ನು ತಲೆಗೆ ಸಮನಾಗಿ ಹಂಚುವ ಈ ಪದ್ಧತಿಗೆ, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸಿನ ಪಾಲು ಎಷ್ಟೆಂದು ಕಾಣುವುದಿಲ್ಲ.

ರೈತರ ಆದಾಯ, ಖರ್ಚು ಎರಡನ್ನೂ ಒಟ್ಟಿಗೆ ಕೇಳಿದ ರಾಷ್ಟ್ರೀಯ ಸಮೀಕ್ಷೆಯೊಂದು 2003ರಲ್ಲಿ ನಡೆಯಿತು. ಸರಾಸರಿ ರೈತ ಕುಟುಂಬದ ತಿಂಗಳ ಆದಾಯ 2,115 ರೂಪಾಯಿ, ಮನೆಖರ್ಚು 2,770 ರೂಪಾಯಿ ಎಂದು ಅದು ತೋರಿಸಿತು. 2012–13ರ ಹೊತ್ತಿಗೆ ಆದಾಯ 6,426, ಖರ್ಚು 6,223 ಆಗಿ ಸರಾಸರಿ ಸರಿದೂಗಿದಂತೆ ಕಂಡಿತು. ಹಿಡುವಳಿವಾರು ಬಿಡಿಸಿ ನೋಡಿದರೆ ಚಿತ್ರವೇ ಬೇರೆ. ಒಂದು ಹೆಕ್ಟೇರ್‌ಗಿಂತ ಕಡಿಮೆ ಭೂಮಿಯುಳ್ಳವರಿಗೆ ಆದಾಯ ಖರ್ಚಿಗೆ ಸಾಲುತ್ತಿರಲಿಲ್ಲ. ಹತ್ತು ಹೆಕ್ಟೇರ್ ಮೀರಿದವರ ಆದಾಯ 41,388 ರೂಪಾಯಿ, ಅತಿ ಸಣ್ಣ ಹಿಡುವಳಿದಾರರದು 4,561. ಒಂಬತ್ತು ಪಟ್ಟು ಅಂತರ. ಅವರ ಖರ್ಚು ಕ್ರಮವಾಗಿ 14,447 ಮತ್ತು 5,108. ಮೂರು ಪಟ್ಟೂ ಇಲ್ಲ. ಖರ್ಚನ್ನಷ್ಟೇ ಅಳೆದರೆ ಅಸಮಾನತೆ ಇರುವುದಕ್ಕಿಂತ ತೀರ ಸಣ್ಣದಾಗಿ ಕಾಣುವುದು ಹೀಗೆ. ಉಳ್ಳವರ ಹಣ ಉಳಿತಾಯವಾಗುತ್ತದೆ, ಆಸ್ತಿಯಾಗುತ್ತದೆ. ಇಲ್ಲದವರ ಖರ್ಚಿನೊಳಗೆ ಸಾಲವೂ ಸೇರಿರುತ್ತದೆ.

2022–23ರ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ಗ್ರಾಮೀಣ ಖರ್ಚಿನ ಅಸಮಾನತೆಯನ್ನು ಅಳೆಯುವ ಗಿನಿ ಸೂಚ್ಯಂಕ 2011–12ರ 0.283ರಿಂದ 0.266ಕ್ಕೆ ಇಳಿಯಿತು, ಆಹಾರದ ಪಾಲು ಶೇ. 46ರ ಆಸುಪಾಸಿಗೆ ಬಂತು. ಈ ಇಳಿಕೆಯನ್ನು ಮೇಲಿನ ಲೆಕ್ಕದ ಜೊತೆಗಿಟ್ಟೇ ಓದಬೇಕು. ಖರ್ಚಿನ ಹಿಂದೆ ಕೂಲಿಯೂ ಸಾಲವೂ ಇವೆ: 2018–19ರಲ್ಲಿ ಕೃಷಿ ಕುಟುಂಬಕ್ಕೆ ಬೆಳೆಯಿಂದ ತಿಂಗಳಿಗೆ 3,798 ರೂಪಾಯಿ ಬಂದರೆ, ಕೂಲಿ-ಸಂಬಳದಿಂದ 4,063 ಬಂದಿತ್ತು. ಅದೇ ವರ್ಷ ದೇಶದ ಶೇ. 50.2ರಷ್ಟು ಕೃಷಿ ಕುಟುಂಬಗಳು ಸಾಲದಲ್ಲಿದ್ದವು.