ಬಳ್ಳಾರಿಯ ದಂಡಿನ ವೈದ್ಯನೂ ಒಣಗಿದ ಎಲೆಗಳೂ

ಹಂಪಿಯೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಕಲ್ಲು: ಕಲ್ಲಿನ ರಥ, ಕಲ್ಲಿನ ಕಂಬ, ಕಲ್ಲಿನ ಮೇಲಣ ಶಾಸನ. ನಾಡಿನ ಚರಿತ್ರೆಯನ್ನು ಬರೆಯಹೊರಟವರು ಶಿಲೆಯನ್ನೂ ತಾಮ್ರಪಟವನ್ನೂ ಓದುವರು. ಹುಲ್ಲನ್ನೂ ಎಲೆಯನ್ನೂ ಓದುವವರು ವಿರಳ. ಆದರೆ ಒಂದು ಗಿಡವನ್ನು ಒತ್ತಿ ಒಣಗಿಸಿ, ಕಾಗದಕ್ಕೆ ಅಂಟಿಸಿ, ದೊರೆತ ಊರನ್ನೂ ಕಾಲವನ್ನೂ ಅದರ ಮಗ್ಗುಲಲ್ಲಿ ಬರೆದಿಟ್ಟರೆ ಅದೂ ಒಂದು ಶಾಸನವೇ ಸರಿ. ಇಂತಹ ಹಾಳೆಗಳ ಭಂಡಾರಕ್ಕೆ ವಿದ್ವಾಂಸರು ಹರ್ಬೇರಿಯಂ ಎಂದು ಹೆಸರಿಟ್ಟಿರುವರು. ಲಕ್ಷ ಹಾಳೆಗಳಷ್ಟು ಭಂಡಾರವನ್ನು ಕೂಡಿಸಿದ ಒಬ್ಬ ಸಸ್ಯಶಾಸ್ತ್ರಜ್ಞನು ಬಳ್ಳಾರಿಯ ದಂಡಿನಲ್ಲಿ ವೈದ್ಯನಾಗಿದ್ದನೆಂಬ ಸಂಗತಿಯನ್ನು ನಮ್ಮಲ್ಲಿ ಬಲ್ಲವರು ಕೆಲವರೇ.

ಆತನ ಹೆಸರು ರಾಬರ್ಟ್ ವೈಟ್. ೧೭೯೬ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯವನ್ನು ಕಲಿತು, ೧೮೧೯ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಶಸ್ತ್ರವೈದ್ಯನಾಗಿ ಮದರಾಸಿಗೆ ಬಂದನು. ಔಷಧಿಗಳೆಲ್ಲ ಬಹುಮಟ್ಟಿಗೆ ಗಿಡಮೂಲಿಕೆಗಳೇ ಆಗಿದ್ದ ಆ ದಿನಗಳಲ್ಲಿ ವೈದ್ಯನಾದವನು ಸಸ್ಯಗಳನ್ನು ಅರಿತಿರುವುದು ಸಹಜವಾಗಿತ್ತು. ವೈಟನಿಗೆ ಮಾತ್ರ ಅದು ಬಾಳಿನ ವ್ರತವಾಯಿತು. ೧೮೨೬ರಲ್ಲಿ ಮದರಾಸು ಸರ್ಕಾರವು ಆತನನ್ನು ತನ್ನ ಪ್ರಕೃತಿಶಾಸ್ತ್ರಜ್ಞನನ್ನಾಗಿ ನೇಮಿಸಿತು; ಎರಡೇ ವರ್ಷಗಳಲ್ಲಿ ಮಿತವ್ಯಯದ ನೆಪದಿಂದ ಆ ಹುದ್ದೆಯನ್ನೇ ತೆಗೆದುಹಾಕಿತು. ಹುದ್ದೆ ಹೋಯಿತು, ಕೆಲಸ ನಿಲ್ಲಲಿಲ್ಲ. ೧೮೩೧ರಲ್ಲಿ ರಜೆಯ ಮೇಲೆ ಸ್ವದೇಶಕ್ಕೆ ಹೊರಟಾಗ ಆತನೊಡನೆ ಹಡಗೇರಿದ ಒಣಸಸ್ಯಗಳ ಸಂಖ್ಯೆ ಸುಮಾರು ಒಂದು ಲಕ್ಷ, ತೂಕ ಎರಡು ಟನ್ನು.

ಕೂಡಿಸಿದ ವಸ್ತುವನ್ನು ವಿಂಗಡಿಸದಿದ್ದರೆ ಅದು ಹುಲ್ಲಿನ ಮೆದೆಯೇ ಹೊರತು ಭಂಡಾರವಾಗಲಾರದು. ವೈಟನು ಹಾಳೆಗಳಿಗೆ ಸಂಖ್ಯೆಗಳನ್ನು ಕೊಟ್ಟನು, ಪಟ್ಟಿಯನ್ನು ಅಚ್ಚುಹಾಕಿಸಿದನು, ಒಂದೇ ಗಿಡದ ಹೆಚ್ಚಿನ ಪ್ರತಿಗಳನ್ನು ಯೂರೋಪಿನ ವಿದ್ವಾಂಸರಿಗೆ ಹಂಚಿದನು. ಒಂದೆಡೆ ಬೆಂಕಿಯೋ ಹುಳುವೋ ತಗುಲಿದರೂ ಇನ್ನೊಂದೆಡೆ ಸಾಕ್ಷಿಯು ಉಳಿಯಲೆಂಬ ಮುಂದಾಲೋಚನೆಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಮಿತ್ರನಾದ ವಾಕರ್ ಆರ್ನಟನೊಡನೆ ಕೂಡಿ ೧೮೩೪ರಲ್ಲಿ ದಕ್ಷಿಣ ಭಾರತದ ಸಸ್ಯಗಳ ವಿವರಣಗ್ರಂಥದ ಮೊದಲ ಸಂಪುಟವನ್ನು ಪ್ರಕಟಿಸಿದನು.

ಅದೇ ವರ್ಷ ಹಿಂದಿರುಗಿದ ವೈಟನನ್ನು ಕಂಪನಿಯು ಬಳ್ಳಾರಿಯಲ್ಲಿದ್ದ ಮೂವತ್ತಮೂರನೆಯ ದೇಶೀಯ ಕಾಲಾಳು ಪಡೆಗೆ ವೈದ್ಯನನ್ನಾಗಿ ಕಳುಹಿಸಿತು. ೧೮೦೦ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲದಲ್ಲಿ ಬಳ್ಳಾರಿಯು ಮುಖ್ಯ ಠಾಣ್ಯ. ಬಿಸಿಲಿಗೂ ಬರಕ್ಕೂ ಹೆಸರಾದ ಈ ಸೀಮೆಯಲ್ಲಿ ಸಸ್ಯಶಾಸ್ತ್ರಜ್ಞನಿಗೆ ಏನು ಕೆಲಸವೆಂದು ಕೇಳಬಹುದು. ಆದರೆ ಈ ನೆಲವನ್ನು ನಡೆದು ನೋಡಿದವರು ಹಾಗೆ ಕೇಳಲಾರರು. ಹೊಸಪೇಟೆ ಕಂಪ್ಲಿಗಳ ಬಳಿ ವಿಜಯನಗರದ ಅರಸರು ತೆಗೆಸಿದ ಕಾಲುವೆಗಳ ಕೆಳಗೆ ಭತ್ತ, ಕಬ್ಬು, ಬಾಳೆ. ಕೂಗಳತೆಯಲ್ಲಿ ಹಂಪಿಯ ಬಂಡೆಗಳ ಸಂದಿನಲ್ಲಿ ಕಳ್ಳಿ, ಕಾರೆ, ತಂಗಡಿ. ದಕ್ಷಿಣಕ್ಕೆ ಕಬ್ಬಿಣದ ಕೆಂಪು ಮಣ್ಣನ್ನು ಹೊತ್ತ ಸಂಡೂರಿನ ಬೆಟ್ಟಸಾಲು, ಅದರ ಮೇಲೆ ಎಲೆಯುದುರುವ ಕಾಡು. ಪೂರ್ವಕ್ಕೆ ಹತ್ತಿ ಬೆಳೆಯುವ ಎರೆಯ ಬಯಲು. ನಾಲ್ಕು ಬಗೆಯ ನೆಲಗಳು ಕೆಲವೇ ಹರದಾರಿಗಳೊಳಗೆ ಕೂಡಿರುವ ಸೀಮೆಯನ್ನು ಬರಡೆನ್ನುವುದು ನ್ಯಾಯವಲ್ಲ.

ಬಳ್ಳಾರಿಯಲ್ಲಿ ವೈಟನ ವಾಸವು ದೀರ್ಘವಾಗಲಿಲ್ಲ. ಪಡೆಯು ದಕ್ಷಿಣದ ತುದಿಯಲ್ಲಿನ ಪಾಳೆಯಂಕೋಟೆಗೆ ನಡೆಯಬೇಕೆಂದು ಆಜ್ಞೆಯಾಯಿತು. ಆ ಹಾದಿ ಸುಮಾರು ೭೦೦ ಮೈಲಿ. ಬಳಿಕ ೧೮೩೬ರಲ್ಲಿ ಕಂದಾಯದ ಇಲಾಖೆಗೆ ಸೇರಿ, ಹತ್ತಿ ಹೊಗೆಸೊಪ್ಪು ಮೊದಲಾದ ಬೆಳೆಗಳ ವಿಚಾರಣೆಗೆ ತೊಡಗಿದನು. ೧೮೪೨ರಿಂದ ಕೊಯಮತ್ತೂರಿನಲ್ಲಿ ಅಮೆರಿಕದ ಹತ್ತಿಯನ್ನು ಬೆಳೆಸಲು ವರ್ಷಗಟ್ಟಲೆ ಶ್ರಮಿಸಿದನು. ಅಲ್ಲಿ ಹೇಳಿಕೊಳ್ಳುವಂತಹ ಫಲವು ದೊರೆಯಲಿಲ್ಲ. ಆದರೆ ಅದೇ ಕಾಲದಲ್ಲಿ ನಮ್ಮ ಧಾರವಾಡದ ಎರೆಯಲ್ಲಿ ಅಮೆರಿಕದ ಹತ್ತಿಯು ಬೇರೂರಿತು. ಸರ್ಕಾರದ ಆಜ್ಞೆಗಿಂತ ಮಣ್ಣಿನ ಒಪ್ಪಿಗೆಯೇ ದೊಡ್ಡದೆಂದು ಇದರಿಂದ ತಿಳಿಯುವೆವು.

ವೈಟನ ಹೆಸರನ್ನು ಉಳಿಸಿದ್ದು ಹತ್ತಿಯಲ್ಲ, ಚಿತ್ರಗಳು. ೧೮೩೮ರಿಂದ ೧೮೫೩ರವರೆಗೆ ಆರು ಸಂಪುಟಗಳಲ್ಲಿ ೨೧೦೧ ಸಸ್ಯಚಿತ್ರಗಳನ್ನು ಆತನು ಮದರಾಸಿನಲ್ಲಿ ಕಲ್ಲಚ್ಚಿನಿಂದ ಪ್ರಕಟಿಸಿದನು. ಇವುಗಳನ್ನು ಬರೆದವರಲ್ಲಿ ಮುಖ್ಯರು ರಂಗಯ್ಯ, ಗೋವಿಂದು ಎಂಬ ನಮ್ಮ ದಕ್ಷಿಣ ದೇಶದ ಚಿತ್ರಕಾರರು. ದೇಶೀಯರ ಕೈಕೆಲಸವನ್ನು ಹೆಸರಿಲ್ಲದೆ ಬಳಸಿಕೊಳ್ಳುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ವೈಟನು ಅವರ ಹೆಸರುಗಳನ್ನು ಪುಟದಲ್ಲಿ ಮುದ್ರಿಸಿದನು; ಒಂದು ಸೀತಾಳಿಯ ಕುಲಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟನು. ಮುಂದಣ ವಿದ್ವಾಂಸರು ಆ ಕುಲವನ್ನು ಬೇರೊಂದರಲ್ಲಿ ಸೇರಿಸಿದರೂ ಕೃತಜ್ಞತೆಯ ಗುರುತು ಅಳಿದಿಲ್ಲ.

೧೮೫೩ರಲ್ಲಿ ಭಾರತವನ್ನು ಬಿಟ್ಟ ವೈಟನು ೧೮೭೨ರಲ್ಲಿ ತೀರಿಕೊಂಡನು. ಆತನ ಸಂಗ್ರಹವು ಲಂಡನ್ನಿನ ಬಳಿಯ ಕ್ಯೂ ಉದ್ಯಾನವನ್ನು ಸೇರಿತು. ಅದೇ ಕ್ಯೂ ಉದ್ಯಾನದಲ್ಲಿ ಕುಳಿತು ಅರಣ್ಯಾಧಿಕಾರಿಯಾಗಿದ್ದ ಗ್ಯಾಂಬಲನು ೧೯೧೫ರಲ್ಲಿ ಮದರಾಸು ಪ್ರಾಂತದ ಸಸ್ಯಕೋಶವನ್ನು ಆರಂಭಿಸಿದನು. ಆತನು ೧೯೨೫ರಲ್ಲಿ ತೀರಿಕೊಂಡ ಮೇಲೆ ಫಿಷರನು ೧೯೩೬ರಲ್ಲಿ ಅದನ್ನು ಮುಗಿಸಿದನು. ಬಳ್ಳಾರಿಯು ಆಗ ಮದರಾಸಿಗೆ ಸೇರಿದ್ದುದರಿಂದ ನಮ್ಮ ಗಿಡಗಳೂ ಅದರಲ್ಲಿ ಸ್ಥಾನ ಪಡೆದಿವೆ.

ಒಣಗಿದ ಎಲೆಗಳಿಂದ ನಮಗೇನು ಪ್ರಯೋಜನ? ೧೯೫೩ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಯಿತು. ಹೊಸಪೇಟೆಯ ಮೇಲಣ ನದೀತೀರವು ಊರುಗಳೊಡನೆ ನೀರೊಳಗಾಯಿತು. ಸಂಡೂರಿನ ಬೆಟ್ಟಗಳನ್ನು ಅದಿರಿಗಾಗಿ ಅಗೆದುದು ಎಷ್ಟು ಮಿತಿಮೀರಿತೆಂದರೆ, ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಳನ್ನೇ ನಿಲ್ಲಿಸಬೇಕಾಯಿತು. ಮತ್ತೆ ತೆರೆಯುವ ಮೊದಲು ಕೆಟ್ಟ ನೆಲವನ್ನು ಸರಿಪಡಿಸಬೇಕೆಂದು ಕಟ್ಟಳೆಯಾಯಿತು. ಸರಿಪಡಿಸುವುದೆಂದರೆ ಹಸುರಾದ ಯಾವುದನ್ನಾದರೂ ನೆಡುವುದೇ? ಅಲ್ಲಿ ಮೊದಲು ಏನು ಬೆಳೆದಿತ್ತೆಂಬುದನ್ನು ಅರಿಯದೆ ಏನನ್ನು ಹಿಂದಕ್ಕೆ ತರುವೆವು? ಬೆಟ್ಟವೇ ಕರಗಿದ ಮೇಲೆ ಆ ಪ್ರಶ್ನೆಗೆ ಸಾಕ್ಷಿ ಹೇಳಬಲ್ಲುದು ಹಳೆಯ ಹಾಳೆಯೊಂದೇ.

ಆ ಹಾಳೆಗಳಲ್ಲಿ ಬಹುಭಾಗವು ಸಮುದ್ರದಾಚೆ ಇರುವುದು ನಮಗೆ ಖೇದಕರವೇ. ಆದರೂ ಮದರಾಸು ಹರ್ಬೇರಿಯಂ ಕೊಯಮತ್ತೂರಿನಲ್ಲಿ ನಮ್ಮದಾಗಿಯೇ ಉಳಿದಿದೆ. ಕ್ಯೂ, ಎಡಿನ್‌ಬರೋಗಳು ತಮ್ಮ ಹಾಳೆಗಳ ಛಾಯಾಚಿತ್ರಗಳನ್ನು ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿವೆ. ಹೊಸಪೇಟೆಯ ವಿದ್ಯಾರ್ಥಿಯೊಬ್ಬನು ಮನೆಯಲ್ಲಿ ಕುಳಿತೇ ಅವುಗಳನ್ನು ನೋಡಬಹುದಾಗಿದೆ. ನೋಡಿದವನು ಎದ್ದು ಸಂಡೂರಿನ ಬೆಟ್ಟವನ್ನು ಹತ್ತಿ, ಆ ಗಿಡವು ಇನ್ನೂ ಇದೆಯೆ ಎಂದು ಹುಡುಕಿ, ಊರನ್ನೂ ತಿಂಗಳನ್ನೂ ಕನ್ನಡದ ಹೆಸರನ್ನೂ ಬರೆದಿಟ್ಟನಾದರೆ, ದಂಡಿನ ವೈದ್ಯನು ಆರಂಭಿಸಿದ ಕೆಲಸವು ಈ ನೆಲದವರ ಕೈಯಲ್ಲಿ ಮುಂದುವರಿಯುವುದು.