ರುವಾಂಡಾ ದೇಶದ ಇಪ್ಪತ್ತು ವರ್ಷದ ಯೋಜನೆ

ಆಫ್ರಿಕಾ ಖಂಡದ ನಟ್ಟನಡುವ ರುವಾಂಡಾ ಅಂತ ಒಂದು ಸಣ್ಣ ದೇಶ ಐತಿ. ಸಾವಿರ ಗುಡ್ಡಗಳ ನಾಡು ಅಂತ ಅದಕ್ಕ ಹೆಸರು. ಗುಡ್ಡದ ಇಳಿಜಾರಿನಲ್ಲಿ ಬಾಳೆ, ಬೀನ್ಸು, ಗೆಣಸು ಬೆಳೆದು ತಿನ್ನುವ ಸಣ್ಣ ರೈತರೇ ಅಲ್ಲಿ ಹೆಚ್ಚು.

1994ರಲ್ಲಿ ಆ ದೇಶದಾಗ ಘೋರ ನಡೀತು. ಏಪ್ರಿಲ್‌ದಿಂದ ಜುಲೈ ತನಕ, ನೂರು ದಿನದೊಳಗ, ಸುಮಾರು 8 ಲಕ್ಷ ಜನರನ್ನು ಕೊಂದರು. ಸತ್ತವರಲ್ಲಿ ಬಹಳ ಮಂದಿ ತುತ್ಸಿ ಜನ. ಎಷ್ಟೋ ಊರಲ್ಲಿ ಕೊಂದವರು ಪರಊರವರಲ್ಲ, ಬಾಜೂ ಮನಿಯವರೇ. ತುತ್ಸಿ ಮನಿಗಳ ದನಗಳನ್ನೂ ಕಡಿದು ತಿಂದರು.

ಇಂಥಾ ನಾಡನ್ನು ಮತ್ತೆ ಕಟ್ಟೋದು ಹೆಂಗ? ಅಲ್ಲಿನ ಸರ್ಕಾರ 2000ನೇ ಇಸವಿಯಲ್ಲಿ 'ವಿಷನ್ 2020' ಅನ್ನುವ ಯೋಜನೆ ಹಾಕಿತು. ಇಪ್ಪತ್ತು ವರ್ಷದಲ್ಲಿ ಬಡತನ ದಾಟಿ ಮಧ್ಯಮ ಆದಾಯದ ದೇಶ ಆಗಬೇಕು ಅನ್ನೋದು ಗುರಿ.

ಈ ಗುರಿ ಬಡವರ ಅಂಗಳಕ್ಕ ಇಳಿದದ್ದು ಆಕಳ ರೂಪದಲ್ಲಿ. 2006ರಲ್ಲಿ 'ಗಿರಿಂಕಾ' ಸುರು ಆಯ್ತು. ಗಿರಿಂಕಾ ಅಂದರ 'ನಿನಗ ಆಕಳು ಇರಲಿ' ಅಂತ ಅವರ ಹಳೇ ಹರಕೆ. ನಮ್ಮ ಹಿರೇರು 'ಮನಿತುಂಬ ಹೈನ ಇರಲಿ' ಅಂತಾರಲ್ಲ, ಹಂಗ. ಬಡ ಮನಿಗೆ ಒಂದು ಆಕಳು ಕೊಡೋದು. ಹಾಲು ಕೂಸುಗಳ ಹೊಟ್ಟಿಗೆ, ಸಗಣಿ ಹೊಲಕ್ಕ. ಕರಾರು ಒಂದೇ: ಹುಟ್ಟಿದ ಮೊದಲ ಹೆಣ್ಣುಕರುವನ್ನು ಮತ್ತೊಂದು ಬಡ ಮನಿಗೆ ಕೊಡಬೇಕು. ಹಿಂಗ 3 ಲಕ್ಷಕ್ಕೂ ಹೆಚ್ಚು ಮನಿಗೆ ಆಕಳು ಹೋದವು. 2018ರಲ್ಲಿ ನಮ್ಮ ಪ್ರಧಾನಿ ನರೇಂದ್ರ ಮೋದಿಯವರು ಅಲ್ಲಿಗೆ ಹೋದಾಗ, ರುವೇರು ಅನ್ನುವ ಹಳ್ಳಿಯಲ್ಲಿ ಇದೇ ಯೋಜನೆಗೆ 200 ಆಕಳು ಕೊಟ್ಟರು.

ಆಕಳು ಕೊಟ್ಟು ತಗೊಂಡವರು ಗೆಳೆಯರಾಗೋದು ಆ ನಾಡಿನ ಹಿಂದಿನ ರೂಢಿ. ನೆರೆಯವ ನೆರೆಯವನನ್ನು ಕೊಂದ ನೆಲದಲ್ಲಿ, ಒಂದು ಕರು ಒಬ್ಬರ ಕೊಟ್ಟಿಗಿಯಿಂದ ಇನ್ನೊಬ್ಬರ ಕೊಟ್ಟಿಗಿಗೆ ಹೋಗೋದು ಸಣ್ಣ ಮಾತಲ್ಲ.

ಹಂಗಂತ ಎಲ್ಲಾ ಸುರಳೀತ ಆಗಲಿಲ್ಲ. 2007ರಿಂದ ಸರ್ಕಾರ, ಈ ಭಾಗಕ್ಕ ಗೋವಿನಜೋಳ, ಆ ಭಾಗಕ್ಕ ಆಲೂಗಡ್ಡೆ ಅಂತ ಬೆಳೆ ಗೊತ್ತುಮಾಡಿತು. ಬೀಜ, ಗೊಬ್ಬರ ಕೊಟ್ಟಿತು, ಇಳುವರಿಯೂ ಏರಿತು. ಆದರ ಅಲ್ಲಿನ ರೈತರು ನಾಲ್ಕೈದು ಬೆಳೆ ಕೂಡಿಸಿ ಹಾಕುವವರು. ಒಂದು ಹೋದರ ಇನ್ನೊಂದು ಕೈ ಹಿಡೀತಿತ್ತು. ಒಂದೇ ಬೆಳೆ ಅಂದಮ್ಯಾಲ, ಮಳೆ ಕೈಕೊಟ್ಟ ವರ್ಷ ಸಣ್ಣ ಹಿಡುವಳಿಯವರಿಗೆ ತ್ರಾಸ ಆಯ್ತು. ಹೊಲ ಉಳುವವನನ್ನು ಕೇಳದ ಹಾಕಿದ ಲೆಕ್ಕ ಹೊಲದಾಗ ಪೂರ್ತಿ ಕೂಡೋದಿಲ್ಲ.

2020 ಬಂತು. ತಲಾ ಆದಾಯ ವರ್ಷಕ್ಕ 1240 ಡಾಲರ್ ಆಗಬೇಕು ಅಂದಿದ್ದರು, ಅಷ್ಟು ಮುಟ್ಟಲಿಲ್ಲ. ಆದರ 2000ದಲ್ಲಿ ಜನರ ಸರಾಸರಿ ಆಯುಷ್ಯ 50 ವರ್ಷಕ್ಕಿಂತ ಕಡಿಮಿ ಇತ್ತು, 2020ರ ಹೊತ್ತಿಗೆ 65 ದಾಟಿತು. ಈಗ 'ವಿಷನ್ 2050' ಅಂತ ಮುಂದಿನ ಯೋಜನೆ ನಡದೈತಿ.

ಡಾಲರಿನ ಲೆಕ್ಕ ಸರ್ಕಾರ ಇಟ್ಟುಕೊಳ್ಳಲಿ. ಹಳ್ಳಿಯವರಾದ ನಾವು ನೋಡಬೇಕಾದ್ದು ಎರಡು: ಆ ಯೋಜನೆ ಯಾರ ಅಂಗಳ ಮುಟ್ಟಿತು, ಅಲ್ಲಿಂದ ನೆರೆಮನಿಗೆ ಏನು ದಾಟಿತು.